ಹಲಗೆ ಹೊದಿಸುವ ಮುನ್ನ

ಮರದ ಹಡಗಿನ ಮಾದರಿ ಕಟ್ಟುವ ಕಿಟ್ ಕೊಂಡವರಿಗೆ ಪೆಟ್ಟಿಗೆ ತೆರೆದೊಡನೆ ಸಣ್ಣದೊಂದು ನಿರಾಸೆ ಕಾದಿರುತ್ತದೆ. ಮುಚ್ಚಳದ ಮೇಲೆ ಮೂರು ಕೂವೆಮರ, ಉಬ್ಬಿದ ಹಾಯಿ, ಸಾಲು ತೋಪು. ಒಳಗೆ ಪ್ಲೈವುಡ್ ಹಾಳೆಗಳು, ನೂಲಿನ ಉಂಡೆ, ರಬ್ಬರ್ ಬ್ಯಾಂಡ್ ಸುತ್ತಿದ ಮರದ ಪಟ್ಟಿಗಳ ಕಟ್ಟು. ಹಡಗು ಅನ್ನಿಸುವಂಥದ್ದು ಏನೂ ಇಲ್ಲ. ಇಟಲಿಯ ಅಮಾತಿ, ಕೊರೆಲ್ ಇರಲಿ, ಡೆನ್ಮಾರ್ಕಿನ ಬಿಲ್ಲಿಂಗ್ ಬೋಟ್ಸ್ ಇರಲಿ, ಅಮೆರಿಕದ ಮಾಡೆಲ್ ಶಿಪ್‌ವೇಸ್ ಇರಲಿ, ಕತೆ ಇದೇ. ಮುಚ್ಚಳದ ಚಿತ್ರಕ್ಕೂ ಒಳಗಿನ ಪ್ಲೈವುಡ್ಡಿಗೂ ನಡುವೆ ಇರುವ ದಾರಿಯಲ್ಲಿ ಮೊದಲ ಮೆಟ್ಟಿಲು ಒಡಲಿನ ಹಂದರ. ನನ್ನ ಮಟ್ಟಿಗೆ ಅತಿ ಎತ್ತರದ ಮೆಟ್ಟಿಲೂ ಅದೇ.

ಹಗ್ಗ, ಹಾಯಿ, ತೋಪುಗಳ ಕೆಲಸಕ್ಕೆ ತಾಳ್ಮೆಯಿದ್ದರೆ ಸಾಕು. ಗಂಟು ಸರಿ ಕೂರದಿದ್ದರೆ ಬಿಚ್ಚಿ ಮತ್ತೆ ಕಟ್ಟಬಹುದು. ಹಂದರಕ್ಕೆ ಆ ಸವಲತ್ತಿಲ್ಲ. ಹಲಗೆ ಹೊದಿಸಿದ ಮೇಲೆ ಅದು ಯಾರ ಕಣ್ಣಿಗೂ ಬೀಳುವುದಿಲ್ಲ; ಅದರಲ್ಲಿ ಉಳಿದ ದೋಷ ಮಾತ್ರ ಬೀಳುತ್ತಲೇ ಇರುತ್ತದೆ. ಪಕ್ಕೆಯೊಂದು ತುಸು ತಗ್ಗಿದ್ದರೆ ಅಲ್ಲಿ ಹಲಗೆಯೂ ತಗ್ಗುತ್ತದೆ. ಆ ತಗ್ಗಿಗೆ ಬಣ್ಣ ಬಳಿದು ಕಿಟಕಿಯ ಬೆಳಕಿಗೆ ಹಿಡಿದರೆ, ಬಣ್ಣವೇ ಅದನ್ನು ಎತ್ತಿ ತೋರಿಸುತ್ತದೆ.

ಅಳತೆಯಿಂದಲೇ ಶುರುಮಾಡೋಣ. 1:48 ಈ ಕಸುಬಿನ ಹಳೆಯ ಪ್ರಮಾಣ: ನಿಜ ಹಡಗಿನ ಒಂದು ಅಡಿಗೆ ಮಾದರಿಯಲ್ಲಿ ಕಾಲಿಂಚು. ಇಂಗ್ಲೆಂಡಿನ ಪೋರ್ಟ್ಸ್‌ಮತ್‌ನಲ್ಲಿ ಇಂದಿಗೂ ನಿಂತಿರುವ, ನೌಕಾಧಿಪತಿ ನೆಲ್ಸನ್ನನ ಯುದ್ಧನೌಕೆ ವಿಕ್ಟರಿಯ ತೋಪಿನ ಅಟ್ಟದ ಉದ್ದ 186 ಅಡಿ. 1:48ರಲ್ಲಿ ಅದು 1 ಮೀಟರ್ 18 ಸೆಂಟಿಮೀಟರ್. ಮೂತಿಯಿಂದ ಮುಂಚಾಚುವ ಮರವನ್ನೂ ಸೇರಿಸಿದರೆ ಮನೆಯ ಯಾವ ಷೋಕೇಸಿಗೂ ಹಿಡಿಸದು. ಹಾಗಾಗಿ ಕಿಟ್‌ಗಳು 1:64, 1:72, 1:96ಕ್ಕೆ ಇಳಿಯುತ್ತವೆ. ಇಳಿದಷ್ಟೂ ಮರ ಕ್ಷಮಿಸುವುದು ಕಡಿಮೆ. 1:48ರಲ್ಲಿ ಅರ್ಧ ಮಿಲಿಮೀಟರ್ ಆಚೀಚೆಯಾದರೆ ನಿಜ ಹಡಗಿನಲ್ಲಿ ಸರಿಸುಮಾರು ಒಂದಿಂಚು, 1:96ರಲ್ಲಿ ಎರಡಿಂಚು.

ಹಡಗಿನ ನಕ್ಷೆಯಲ್ಲಿ ಮೂರು ನೋಟಗಳಿರುತ್ತವೆ: ಪಕ್ಕದಿಂದ, ಮೇಲಿನಿಂದ, ಎದುರಿನಿಂದ. ಹಂದರ ಹುಟ್ಟುವುದು ಮೂರನೆಯದರಲ್ಲಿ. ಇಡೀ ಒಡಲನ್ನು ಮಂಗಳೂರು ಸೌತೆಯ ಹಾಗೆ ಬಿಲ್ಲೆ ಬಿಲ್ಲೆಯಾಗಿ ಹೆಚ್ಚಿ, ಪ್ರತಿ ಬಿಲ್ಲೆಯ ಅಂಚನ್ನೂ ಒಂದೇ ಜಾಗದಲ್ಲಿ ಒಂದರ ಮೇಲೊಂದು ಗೀಚಿದ ಚಿತ್ರ ಅದು. ಎಡಬಲ ಎರಡೂ ಒಂದೇ ಆಕಾರ ಆದ್ದರಿಂದ ಅರ್ಧರ್ಧ ಬರೆದರೆ ಸಾಕು. ನಡುಗೆರೆಯ ಬಲಕ್ಕೆ ಮುಂಭಾಗದ ಅರೆಬಿಲ್ಲೆಗಳು, ಎಡಕ್ಕೆ ಹಿಂಭಾಗದವು. ಹಡಗಿನ ನಡುವಿನಲ್ಲಿ ಬಿಲ್ಲೆ ಅಗಲವಾಗಿ, ಹೊಟ್ಟೆ ತುಂಬಿಕೊಂಡಿರುತ್ತದೆ. ಹಿಂದಕ್ಕೆ ಹೋದಂತೆ ಮೇಲೆ ಅಗಲ ಉಳಿದು, ಕೆಳಗೆ ಸೊಂಟ ಸಣ್ಣದಾಗುತ್ತ ಚುಕ್ಕಾಣಿಯ ಹತ್ತಿರ ಬರಿ ಒಂದು ಹಲಗೆಯ ದಪ್ಪಕ್ಕೆ ಬರುತ್ತದೆ. ನೀರು ಅಲ್ಲಿಂದ ಸರಾಗವಾಗಿ ಹರಿದರೆ ಮಾತ್ರ ಚುಕ್ಕಾಣಿಯ ಮಾತನ್ನು ಹಡಗು ಕೇಳುತ್ತದೆ.

ಈಗಿನ ಬಹುತೇಕ ಕಿಟ್‌ಗಳು ಅನುಸರಿಸುವುದು ಬಲ್ಕ್‌ಹೆಡ್ ಪದ್ಧತಿ. ನಡುವೆ ಉದ್ದಕ್ಕೆ ಪ್ಲೈವುಡ್ಡಿನ ಒಂದು ತುಂಡು. ಅದು ಹಡಗಿನ ಬೆನ್ನುಮೂಳೆಯಾದ ಕೀಲ್‌ನ ಸ್ಥಾನದಲ್ಲಿ ನಿಂತು ಅಟ್ಟದವರೆಗೂ ಏರಿರುತ್ತದೆ. ಅದರ ಗಾಡಿಗಳಲ್ಲಿ, ಅಂದರೆ ಕೊರೆದ ಸೀಳುಗಳಲ್ಲಿ, ಅಡ್ಡಕ್ಕೆ ಸಾಲಾಗಿ ಕೂರುವ ಬಿಲ್ಲೆಗಳೇ ಬಲ್ಕ್‌ಹೆಡ್‌ಗಳು. ವಿಕ್ಟರಿಯಂಥ ನಿಜವಾದ ಹಡಗುಗಳಲ್ಲಿ ಇಂಥ ಗಟ್ಟಿ ಗೋಡೆಗಳ ಸಾಲು ಇರಲಿಲ್ಲ. ಒಂದರ್ಥದಲ್ಲಿ ಇದು ಸುಳ್ಳು ಹಂದರ. ಆದರೆ ಇಪ್ಪತ್ತು ಬಿಲ್ಲೆಗಳೊಳಗೆ ಒಂದು ಯುದ್ಧನೌಕೆಯ ಆಕಾರವನ್ನು ಹಿಡಿದುಕೊಡುವ ಸುಳ್ಳು ಎಂಬುದರಿಂದ ನನಗೆ ಅದರ ಮೇಲೆ ತಕರಾರಿಲ್ಲ.

ಮೊದಲ ಕೆಲಸ ಅಂಟು ಹಾಕುವುದಲ್ಲ, ನೋಡುವುದು. ನಡುವಿನ ಪ್ಲೈವುಡ್ ತುಂಡನ್ನು ಕಣ್ಣಿನ ಮಟ್ಟಕ್ಕೆ ಹಿಡಿದು ಅಂಚಿನುದ್ದಕ್ಕೂ ನೋಟ ಹಾಯಿಸಬೇಕು. ಪ್ಲೈವುಡ್ ಬಾಗುವ ಜಾತಿ. ಗೋದಾಮಿನ ತೇವ, ಸಾಗಣೆಯ ಬಿಸಿಲು ಎರಡೂ ಅದಕ್ಕೆ ನೆಪ. ಬಾಗಿದ್ದರೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಸಪಾಟು ಹಲಗೆಯ ಮೇಲೆ ಭಾರ ಹೇರಿ ಒಣಗಲು ಬಿಡುತ್ತಾರೆ. ಬಾಗಿದ ಬೆನ್ನಿಗೆ ನೇರ ಬಿಲ್ಲೆ ಕೂರಿಸಿದರೆ ಹಡಗು ಬಾಳೆಹಣ್ಣಿನ ಹಾದಿ ಹಿಡಿಯುತ್ತದೆ, ಮುಂದೆ ಯಾವ ಉಪಾಯವೂ ಅದನ್ನು ನೇರ ಮಾಡದು.

ಆಮೇಲೆ ಹೊಸಬರು ತಪ್ಪದೆ ಹಾರಿಸಿಬಿಡುವ ಒಂದು ಹಂತ. ಹಿಂಭಾಗದ ಕೆಳಗೆ, ಎರಡೂ ಕಡೆಯ ಹಲಗೆಗಳು ಬಂದು ಸೇರುವಲ್ಲಿ, ನಡುವಿನ ಪ್ಲೈವುಡ್ಡನ್ನು ಇಳಿಜಾರಾಗಿ ಕೆತ್ತಿ ತೆಳ್ಳಗೆ ಮಾಡಬೇಕು. ಐದು ಮಿಲಿಮೀಟರ್ ಪ್ಲೈವುಡ್ಡಿನ ಎರಡು ಬದಿಗೂ ಎರಡೆರಡು ಮಿಲಿಮೀಟರಿನ ಹಲಗೆ ಬಿದ್ದರೆ ಒಟ್ಟು ಒಂಬತ್ತು. ಅದು ಹೋಗಿ ಸೇರಬೇಕಾದ ಹಿಂಗಂಬ ಐದೇ ಮಿಲಿಮೀಟರ್. ಮೊದಲೇ ಕೆತ್ತದಿದ್ದರೆ ಹಲಗೆಗಳು ಕಂಬಕ್ಕಿಂತ ಉಬ್ಬಿ ನಿಲ್ಲುತ್ತವೆ. ಬಲ್ಕ್‌ಹೆಡ್‌ಗಳನ್ನು ಅಂಟಿಸಿಬಿಟ್ಟ ಮೇಲೆ ಆ ಸಂದಿಗೆ ಉಳಿ ಹೋಗುವುದಿಲ್ಲ. ಕೀಲ್‌ನ ಪಕ್ಕದಲ್ಲಿ ಹಲಗೆಯ ಅಂಚು ಇಳಿದು ಕೂರುವ ಕಿರುಗಾಡಿಯನ್ನೂ ಈಗಲೇ ತೆಗೆದಿಟ್ಟುಕೊಂಡವರು ಮುಂದೆ ಸುಖಿಗಳು.

ಬಿಲ್ಲೆಗಳನ್ನು ಅಂಟಿಲ್ಲದೆ ಕೂರಿಸಿ ನೋಡುವುದು ರೂಢಿ. ಗಾಡಿ ಬಿಗಿಯಾಗಿದ್ದರೆ ಅರದಿಂದ ಒಂದೆರಡು ಎಳೆತ. ಒತ್ತಿ ತೂರಿಸಿದರೆ ನಡುವಿನ ತುಂಡೇ ಸೊಟ್ಟಗಾಗುತ್ತದೆ. ಪ್ರತಿ ಬಿಲ್ಲೆಗೂ ಮೂಲೆಮಟ್ಟ ಹಿಡಿದು, ಮೇಲಂಚುಗಳೆಲ್ಲ ಅಟ್ಟದ ಇಳುಕಲು ರೇಖೆಯನ್ನು ಅನುಸರಿಸುತ್ತಿವೆಯೇ ಎಂದು ತೆಳು ಪಟ್ಟಿಯೊಂದನ್ನು ಉದ್ದಕ್ಕೆ ಮಲಗಿಸಿ ನೋಡಿ, ಆಮೇಲೆ ಬಿಳಿ ಅಂಟು. ಮೂತಿಯಲ್ಲಿ ತಿರುವು ಕಡಿದಾದ್ದರಿಂದ ಮೊದಲೆರಡು ಬಿಲ್ಲೆಗಳ ನಡುವಿನ ಖಾಲಿಯನ್ನು ಮೆದು ಮರದ ತುಂಡುಗಳಿಂದ ತುಂಬುತ್ತಾರೆ. ಕೆಲವು ಕಿಟ್‌ಗಳ ಕೈಪಿಡಿ ಇದನ್ನು ಹೇಳುವುದಿಲ್ಲ. ಹೇಳದಿದ್ದರೂ ತುಂಬುವುದು ಒಳ್ಳೆಯದು; ಹಲಗೆ ಬಾಗುವ ಜಾಗದಲ್ಲಿ ಆಸರೆ ಹೆಚ್ಚಿದ್ದಷ್ಟೂ ಲೇಸು.

ಇಲ್ಲಿಯವರೆಗಿನದು ಜೋಡಣೆ. ಕಸುಬು ಶುರುವಾಗುವುದು ಇನ್ನು ಮೇಲೆ. ಲೇಸರ್ ಯಂತ್ರ ಎಷ್ಟು ನಿಖರವಾಗಿ ಕತ್ತರಿಸಿದರೂ ಬಿಲ್ಲೆಯ ಅಂಚನ್ನು ನೆಟ್ಟಗೆ, ಲಂಬವಾಗಿಯೇ ಕತ್ತರಿಸುತ್ತದೆ. ಒಡಲಾದರೋ ಬಿಲ್ಲೆಯಿಂದ ಬಿಲ್ಲೆಗೆ ಓರೆಯಾಗಿ ಸಾಗುತ್ತದೆ. ಆದ್ದರಿಂದ ಪ್ರತಿ ಬಿಲ್ಲೆಯ ಅಂಚನ್ನೂ ಹಲಗೆ ಸಾಗುವ ಓರೆಗೆ ಒಗ್ಗುವಂತೆ ಉಜ್ಜಬೇಕು. ಮೂತಿಯ ಬಿಲ್ಲೆಗಳಲ್ಲಿ ಮುಂದಿನ ಅಂಚು ಸವೆಯಬೇಕು, ಹಿಂದಿನ ಅಂಚು ಹಾಗೇ ಉಳಿಯಬೇಕು. ಹಿಂಭಾಗದಲ್ಲಿ ಇದರ ತಿರುವುಮುರುವು. ನಡುಹಡಗಿನ ಒಂದೆರಡು ಬಿಲ್ಲೆಗಳಿಗೆ ಉಜ್ಜುವುದೇ ಬೇಡ. ಲೇಸರ್ ಸುಟ್ಟ ಕಪ್ಪು ಅಂಚು ಇಲ್ಲಿ ಉಪಕಾರಕ್ಕೆ ಬರುತ್ತದೆ. ಉಳಿಯಬೇಕಾದ ಅಂಚಿನಲ್ಲಿ ಕೂದಲೆಳೆಯಷ್ಟು ಕಪ್ಪು ಉಳಿದಿದ್ದರೆ ಅಳತೆ ಕೆಟ್ಟಿಲ್ಲವೆಂದು ಅರ್ಥ.

ಉಪ್ಪು ಕಾಗದವನ್ನು ಬೆರಳಿನಿಂದ ಒತ್ತಿ ಉಜ್ಜುವುದು ಸಲ್ಲ. ಉದ್ದನೆಯ ಪಟ್ಟಿಗೆ ಅಂಟಿಸಿ, ಒಂದೇ ಸಲಕ್ಕೆ ಮೂರು ನಾಲ್ಕು ಬಿಲ್ಲೆಗಳ ಮೇಲೆ ಸಾಗುವಂತೆ ಎಳೆಯಬೇಕು. ನಡುನಡುವೆ ತೆಳುವಾದ, ಸಮನಾಗಿ ಬಾಗುವ ಮರದ ಪಟ್ಟಿಯನ್ನು ಮೂತಿಯಿಂದ ಹಿಂತುದಿಗೆ ಒರಗಿಸಿ ನೋಡುತ್ತಿರಬೇಕು. ಅದು ಎಲ್ಲ ಬಿಲ್ಲೆಗಳನ್ನೂ ಅಗಲಕ್ಕೆ ಮುಟ್ಟುತ್ತ ಸಾಗಿದರೆ ಸರಿ. ಒಂದರ ಮೇಲೆ ಎಡವಿ ಮೇಲೆದ್ದರೆ ಅದು ಉಬ್ಬು, ಇನ್ನಷ್ಟು ಉಜ್ಜು. ಒಂದನ್ನು ಮುಟ್ಟದೆ ಹಾದುಹೋದರೆ ಅದು ತಗ್ಗು, ತೆಳು ಮರದ ಚೂರು ಅಂಟಿಸಿ ಎತ್ತು. ಅಳತೆಪಟ್ಟಿಗೆ ಇಲ್ಲಿ ಕೆಲಸ ಕಡಿಮೆ. ಬಿಲ್ಲೆಗಳ ಆಕಾರ ನಕ್ಷೆಯಲ್ಲಿದೆ, ಆದರೆ ಹಡಗಿನ ಆಕಾರ ಇರುವುದು ಬಿಲ್ಲೆಗಳ ನಡುವಿನ ಖಾಲಿ ಜಾಗದಲ್ಲಿ. ಅದನ್ನು ಓದಲು ಬಲ್ಲದ್ದು ಬಾಗುವ ಪಟ್ಟಿಯೊಂದೇ. ಕೈಪಿಡಿಗಳು ಈ ಇಡೀ ಹಂತಕ್ಕೆ ಒಂದು ಸಾಲು ಕೊಟ್ಟು ಮುಂದೆ ಹೋಗುವುದನ್ನು ಕಂಡಾಗ ನನಗೆ ಸಣ್ಣ ಸಿಟ್ಟೇ ಬರುತ್ತದೆ.

ನಿಜದ ಹಡಗುಕಟ್ಟೆಗಳಲ್ಲೂ ನಡೆಯುತ್ತಿದ್ದದ್ದು ಇದೇ. ವಿಕ್ಟರಿಯ ಕೀಲ್ ಇಟ್ಟದ್ದು 1759ರ ಜುಲೈ 23ರಂದು, ಇಂಗ್ಲೆಂಡಿನ ಚ್ಯಾಟಮ್‌ನಲ್ಲಿ. ನೀರಿಗಿಳಿದದ್ದು 1765ರ ಮೇ 7ರಂದು. ಪಕ್ಕೆಗಳು ಎದ್ದ ಮೇಲೆ ಅವುಗಳ ಹೊರಮೈ ಸುತ್ತ ಉದ್ದುದ್ದ ಪಟ್ಟಿಗಳನ್ನು ಬಿಗಿದು, ಸಾಲು ಸರಾಗವಾಗಿದೆಯೇ ಎಂದು ನೋಡಿ, ಓರೆಕೋರೆಗಳನ್ನು ಬಾಚಿಯಿಂದ ಕೆತ್ತುತ್ತಿದ್ದರು. ಆಮೇಲೆ ಓಕ್ ಮರ ಹದವಾಗಲೆಂದು ಹಂದರವನ್ನು ಕೆಲವು ತಿಂಗಳು ಹಾಗೇ ಬಿಡುವುದು ವಾಡಿಕೆ. ಏಳು ವರ್ಷಗಳ ಯುದ್ಧ ಮುಗಿದು ಅವಸರ ತಪ್ಪಿದ್ದರಿಂದ ವಿಕ್ಟರಿಯ ಹಂದರ ಹೆಚ್ಚುಕಡಿಮೆ ಮೂರು ವರ್ಷ ಹಾಗೆಯೇ ನಿಂತಿತ್ತು. ಆ ಹಡಗು ಇಷ್ಟು ಕಾಲ ಬಾಳಿದ್ದಕ್ಕೆ ಅದೂ ಒಂದು ಕಾರಣವೆಂದು ಹೇಳುತ್ತಾರೆ.

ಸುಳ್ಳು ಹಂದರ ಬೇಡ, ನಿಜದ ಪಕ್ಕೆಗಳೇ ಬೇಕು ಎನ್ನುವ ಹಟವಾದಿಗಳಿಗೆ ಬೇರೆ ದಾರಿಯಿದೆ. ಅಲ್ಲಿ ಪ್ರತಿ ಪಕ್ಕೆಯೂ ಹಲವು ತುಂಡುಗಳ ಜೋಡಣೆ. ಕೀಲ್‌ಗೆ ಅಡ್ಡಲಾಗಿ ಒಂದು ತಳಮರ. ಅದರ ತುದಿಯಿಂದ ಒಂದರ ಮೇಲೊಂದು ಏರುವ ಬಾಗುಮರಗಳು. ಇಂಥ ಎರಡು ಸಾಲನ್ನು ಬೆನ್ನಿಗೆ ಬೆನ್ನು ಸೇರಿಸಿ, ಒಂದರ ಸಂದುಗಳು ಇನ್ನೊಂದರ ಸಂದುಗಳ ಎದುರು ಬೀಳದಂತೆ ಜೋಡಿಸುತ್ತಾರೆ. ಇಷ್ಟು ತುಂಡು ಯಾಕೆ ಎಂದರೆ ಉತ್ತರ ಮರದ ಎಳೆಯಲ್ಲಿದೆ. ಅರ್ಧಚಂದ್ರದ ಪಕ್ಕೆಯನ್ನು ಒಂದೇ ಹಲಗೆಯಲ್ಲಿ ಕೊಯ್ದರೆ ಎಲ್ಲೋ ಒಂದೆಡೆ ಎಳೆ ಅಡ್ಡಕ್ಕೆ ಬಂದು, ಅಲ್ಲಿ ಕಡ್ಡಿಯಂತೆ ಮುರಿಯುತ್ತದೆ. ದೊಡ್ಡ ಹಡಗು ಕಟ್ಟುವವರು ಬಾಗಿ ಬೆಳೆದ ಓಕ್ ಕೊಂಬೆಗಳನ್ನು ಹುಡುಕಿಕೊಂಡು ಕಾಡು ಅಲೆಯುತ್ತಿದ್ದರು. ಮಾದರಿಕಾರ ಪ್ರತಿ ತುಂಡನ್ನೂ ಎಳೆ ನೋಡಿ ಕೊಯ್ಯುತ್ತಾನೆ. ಚಾರ್ಲ್ಸ್ ಡೇವಿಸ್ 1933ರಲ್ಲಿ ಇಂಥ ಕಟ್ಟಡವನ್ನು ಹೇಳಿಕೊಡಲೆಂದೇ ಒಂದು ಪುಸ್ತಕ ಬರೆದ. ಅಮೆರಿಕದ ಹ್ಯಾರಲ್ಡ್ ಹಾನ್ ಹಂದರವನ್ನು ತಲೆಕೆಳಗಾಗಿ ಒಂದು ಅಚ್ಚುಮಣೆಯ ಮೇಲೆ ಕಟ್ಟುವ ಉಪಾಯ ತಂದ. ಪಕ್ಕೆಗಳ ತುದಿ ಮಣೆಯ ಗಾಡಿಗಳಲ್ಲಿ ಸಿಕ್ಕಿಕೊಂಡಿರುವುದರಿಂದ ಅಲುಗಾಟವಿಲ್ಲ. ಕೆಲಸ ಮುಗಿದ ಮೇಲೆ ಕತ್ತರಿಸಿ ಬಿಡಿಸಿಕೊಂಡರಾಯಿತು.

ಹೀಗೆ ಕಟ್ಟಿದ ಹಂದರವನ್ನು ಮುಚ್ಚಲು ಯಾರಿಗೆ ಮನಸ್ಸು ಬಂದೀತು? ಹದಿನೇಳನೆಯ ಶತಮಾನದ ಇಂಗ್ಲೆಂಡಿನ ನೇವಿ ಬೋರ್ಡ್ ಮಾದರಿಗಳನ್ನು ಮಾಡಿದವರು ಮುಚ್ಚಲೇ ಇಲ್ಲ. ನೀರಿನ ಮಟ್ಟದಿಂದ ಕೆಳಗೆ ಹಲಗೆ ಹೊದಿಸದೆ ಪಕ್ಕೆಗಳ ಸಾಲನ್ನು ಬರಿಮೈಯಲ್ಲೇ ಬಿಟ್ಟರು. ವಿಚಿತ್ರವೆಂದರೆ ಆ ಪಕ್ಕೆಗಳೂ ಹಡಗುಕಟ್ಟೆಯ ಪಕ್ಕೆಗಳ ನಿಷ್ಠ ಪ್ರತಿಯಲ್ಲ. ಕಣ್ಣಿಗೆ ಚೆಂದ ಕಾಣುವಂತೆ ಸರಳಗೊಳಿಸಿ ಜೋಡಿಸಿದವು. ಗ್ರಿನಿಚ್‌ನ ರಾಷ್ಟ್ರೀಯ ನೌಕಾ ವಸ್ತುಸಂಗ್ರಹಾಲಯದ ಸಂಗ್ರಹದಲ್ಲೂ ಅಮೆರಿಕದ ಅನಾಪೊಲಿಸ್‌ನ ನೌಕಾ ಅಕಾಡೆಮಿಯಲ್ಲೂ ಇವು ಉಳಿದಿವೆ. ಮಾದರಿಗಳು ಪಾಠಕ್ಕೂ ಒದಗುತ್ತಿದ್ದವು. ಇಂಗ್ಲೆಂಡಿನ ನೌಕಾದಳದ ಕಚೇರಿಯಾದ ಈ ನೇವಿ ಬೋರ್ಡಿನಲ್ಲಿ ದೊಡ್ಡ ಹುದ್ದೆಗೆ ಬಂದ ಸ್ಯಾಮ್ಯುಯೆಲ್ ಪೀಪ್ಸ್‌ಗೆ ಹಡಗಿನ ಗಂಧವಿರಲಿಲ್ಲ. 1662ರ ಬೇಸಿಗೆಯಲ್ಲಿ ನಸುಕಿಗೇ ಎದ್ದು ಆತ ಮಗ್ಗಿ ಉರುಹೊಡೆದದ್ದು ಅವನ ದಿನಚರಿಯಲ್ಲಿದೆ. ಮಗ್ಗಿ ಹೇಳಿಕೊಟ್ಟ ನಾವಿಕ ಕೂಪರನೇ ಆಮೇಲೆ ಕಚೇರಿಯಲ್ಲಿದ್ದ ಮಾದರಿಯೊಂದನ್ನು ಮುಂದಿಟ್ಟುಕೊಂಡು ಹಡಗಿನ ಅಂಗಾಂಗಗಳ ಪಾಠ ಹೇಳಿದ. ಮರ ಪೂರೈಸುವ ಗುತ್ತಿಗೆದಾರರ ಲೆಕ್ಕವನ್ನು ಮುಂದೆ ಪೀಪ್ಸ್ ಹಿಡಿದು ಹಿಡಿದು ಪ್ರಶ್ನಿಸಿದ್ದಕ್ಕೆ ಆ ಪಾಠವೂ ಕಾರಣ.

ನಮ್ಮ ಕರಾವಳಿಯ ಮರಕ್ಕೂ ಈ ಕತೆಯಲ್ಲಿ ಪಾಲಿದೆ. ಮುಂಬಯಿಯ ವಾಡಿಯಾ ಮನೆತನದ ಜಮ್ಷೆಟ್‌ಜಿ ಬೊಮನ್‌ಜಿ ಮಲಬಾರಿನ ತೇಗದಲ್ಲಿ ಕಟ್ಟಿದ ಟ್ರಿಂಕೊಮಲಿ 1817ರ ಅಕ್ಟೋಬರ್ 12ರಂದು ನೀರಿಗಿಳಿಯಿತು. ಇಂಗ್ಲೆಂಡಿನ ಹಾರ್ಟಲ್‌ಪೂಲ್‌ನಲ್ಲಿ ಇಂದಿಗೂ ತೇಲುತ್ತಿದೆ. ಅದರ ನಕ್ಷೆ ಮೊದಲು ಮುಂಬಯಿಗೆ ಹೊರಟದ್ದು ಜಾವಾ ಎಂಬ ಹಡಗಿನಲ್ಲಿ. 1812ರ ಡಿಸೆಂಬರಿನಲ್ಲಿ ಬ್ರೆಜಿಲ್ ತೀರದಾಚೆ ಅಮೆರಿಕದ ಕಾನ್‌ಸ್ಟಿಟ್ಯೂಷನ್ ಜಾವಾವನ್ನು ಸೋಲಿಸಿತು. ನಕ್ಷೆಯನ್ನು ಮತ್ತೊಮ್ಮೆ ಕಳಿಸಬೇಕಾಯಿತು. ಟ್ರಿಂಕೊಮಲಿಯ ಮಾದರಿ ಮಾಡುವವರು ಅಭಿಮಾನದಿಂದ ತೇಗವನ್ನೇ ಹುಡುಕಬಾರದು. ತೇಗದ ರಂಧ್ರಗಳು ದೊಡ್ಡವು. ಕಾಲು ಮಿಲಿಮೀಟರಿನ ರಂಧ್ರ 1:48ರಲ್ಲಿ ಹನ್ನೆರಡು ಮಿಲಿಮೀಟರಿನ ತೂತಾಗಿ ಕಾಣುತ್ತದೆ. ಪೇರ್, ಬಾಕ್ಸ್‌ವುಡ್‌ನಂಥ ನಯವಾದ ಮರಗಳಿಗೆ ಮಾದರಿಕಾರರು ಬೆಲೆ ಕೊಡುವುದು ಇದಕ್ಕೇ. ಚನ್ನಪಟ್ಟಣದವರು ಬೊಂಬೆಗೆ ಹಾಲೆಮರ ಆರಿಸಿಕೊಂಡದ್ದರ ಹಿಂದೆಯೂ ಅದೇ ನುಣುಪಿನ ಲೆಕ್ಕವಿದೆ.

ಹಂದರ ಮೊದಲು, ಹಲಗೆ ಆಮೇಲೆ ಎಂಬುದು ಲೋಕನಿಯಮವೇನೂ ಅಲ್ಲ. ಕೇರಳದ ಬೇಪೂರಿನಲ್ಲಿ ಉರು ಎಂಬ ಮರದ ಹಡಗು ಕಟ್ಟುವ ಬಡಗಿಗಳು ಕಾಗದದ ನಕ್ಷೆಯಿಲ್ಲದೆ, ಹಲಗೆಗೆ ಹಲಗೆ ಕೂಡಿಸಿ ಮೊದಲು ಮೈ ಎಬ್ಬಿಸುತ್ತಾರೆ. ಪಕ್ಕೆಗಳು ಒಳಕ್ಕೆ ಬರುವುದು ಆಮೇಲೆ. 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆ ಸೇರಿದ ಐಎನ್‌ಎಸ್‌ವಿ ಕೌಂಡಿನ್ಯ ಕೂಡ ಇದೇ ಪರಂಪರೆಯದು. ಅಜಂತಾದ ಐದನೆಯ ಶತಮಾನದ ಚಿತ್ರವೊಂದನ್ನು ಆಧಾರವಾಗಿಟ್ಟುಕೊಂಡು, ಬಾಬು ಶಂಕರನ್ ಮುಂದಾಳ್ತನದಲ್ಲಿ ಕೇರಳದ ಕುಶಲಕರ್ಮಿಗಳು ಹಲಗೆಗಳನ್ನು ತೆಂಗಿನ ನಾರಿನ ಹುರಿಯಿಂದ ಹೊಲಿದು ಕಟ್ಟಿದ ಹಡಗು. ಅದರ ಒಡಲನ್ನು ನೀರಿಗೊಡ್ಡಿ ಪರೀಕ್ಷಿಸಿದ್ದು ಮೊದಲು ಮಾದರಿಯ ರೂಪದಲ್ಲಿ, ಐಐಟಿ ಮದ್ರಾಸಿನಲ್ಲಿ.

ಕೈಯಾಡಿಸಿ ನೋಡುವ ಆಸೆ ಇರುವವರು ವಿಕ್ಟರಿಯಿಂದ ಶುರುಮಾಡದಿರುವುದು ವಾಸಿ. ಅಮೆರಿಕದ ಕಾಡ್ ಮೀನುಗಾರರ ಗ್ರ್ಯಾಂಡ್ ಬ್ಯಾಂಕ್ಸ್ ಡೋರಿಯಂಥ ಪುಟ್ಟ ದೋಣಿಯ ಕಿಟ್‌ಗಳು ಸಿಗುತ್ತವೆ. ತಳ ಸಪಾಟು, ಪಕ್ಕೆಗಳು ಬೆರಳೆಣಿಕೆಯಷ್ಟು, ಅಟ್ಟವೇ ಇಲ್ಲದ್ದರಿಂದ ಹಂದರ ಕೊನೆಯವರೆಗೂ ಕಾಣುತ್ತಲೇ ಇರುತ್ತದೆ. ಒಳ್ಳೆಯ ಉಕ್ಕಿನ ಮೂಲೆಮಟ್ಟ, ಎರಡು ಅರ, 120 ಮತ್ತು 220 ನಂಬರಿನ ಉಪ್ಪು ಕಾಗದ, ಬಟ್ಟೆಯ ಕ್ಲಿಪ್ಪುಗಳು, ಒಂದು ಸಪಾಟಾದ ಮಣೆ ಇದ್ದರೆ ಶುರುಮಾಡಬಹುದು. ಬಾಗುವ ಪಟ್ಟಿಯನ್ನು ಕೊಳ್ಳಬೇಕಿಲ್ಲ; ಕಿಟ್‌ನ ಹಲಗೆಕಟ್ಟಿನಲ್ಲಿ ಗಂಟಿಲ್ಲದ, ಎಳೆ ನೇರವಾದ ಒಂದನ್ನು ಆರಿಸಿ ಬೇರೆ ಎತ್ತಿಟ್ಟುಕೊಂಡರೆ ಆಯಿತು.