ಲೆಕ್ಕದ ಹಾಳೆಯಲ್ಲಿ ಷರತ್ತಿನ ಸೂತ್ರಗಳು

ಮಳೆಯಾದರೆ ಬಿತ್ತನೆ, ಇಲ್ಲವಾದರೆ ಕಾಯುವುದು. ಒಕ್ಕಲುತನದ ಕೆಲಸಗಳೆಲ್ಲವೂ ಹೀಗೆ ಷರತ್ತಿನ ಮೇಲೆಯೇ ನಡೆಯತಕ್ಕವು. ಗಣಕಯಂತ್ರದ ಸ್ಪ್ರೆಡ್‌ಷೀಟ್ ಎಂಬ ಲೆಕ್ಕದ ಹಾಳೆಯಲ್ಲಿಯೂ ಇದೇ ಕೆಲಸವನ್ನು ಮಾಡುವ 'ಇಫ್' ಎಂಬ ಸೂತ್ರವುಂಟು. ಇದಕ್ಕೆ ಮೂರು ಅಂಗಗಳು: ಮೊದಲನೆಯದು ಷರತ್ತು, ಎರಡನೆಯದು ಅದು ನಿಜವಾದರೆ ಬರತಕ್ಕ ಉತ್ತರ, ಮೂರನೆಯದು ನಿಜವಲ್ಲದಿದ್ದರೆ ಬರತಕ್ಕ ಉತ್ತರ.

ಮಣ್ಣು ಪರೀಕ್ಷೆಯ ಪಟ್ಟಿಯನ್ನೇ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಮಣ್ಣಿನಲ್ಲಿ ಸಾವಯವ ಇಂಗಾಲವು ಶೇಕಡ 0.5ಕ್ಕಿಂತ ಕೆಳಗಿದ್ದರೆ 'ಕಡಿಮೆ' ಎಂದೂ, 0.5ರಿಂದ 0.75ರವರೆಗೆ 'ಮಧ್ಯಮ' ಎಂದೂ, ಅದನ್ನು ಮೀರಿದರೆ 'ಹೆಚ್ಚು' ಎಂದೂ ವಿಂಗಡಿಸುವುದು ವಾಡಿಕೆ. ಅಂಕಿಯು 'ಬಿ2' ಎಂಬ ಮನೆಯಲ್ಲಿದ್ದರೆ ಸೂತ್ರವು ಹೀಗಾಗುತ್ತದೆ:

=ಇಫ್(ಬಿ2<0.5,"ಕಡಿಮೆ",ಇಫ್(ಬಿ2<=0.75,"ಮಧ್ಯಮ","ಹೆಚ್ಚು"))

ಹಾಳೆಯಲ್ಲಿ ಬರೆಯುವಾಗ ಸೂತ್ರದ ಮತ್ತು ಮನೆಯ ಹೆಸರುಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿಯೇ ಬರೆಯತಕ್ಕದ್ದು, ಉತ್ತರಗಳು ಕನ್ನಡದಲ್ಲಿರಬಹುದು.

ಇಲ್ಲಿ ಮೂರು ವಿಷಯಗಳಲ್ಲಿ ಎಚ್ಚರಿಕೆ ಅವಶ್ಯಕ.

1. ಕ್ರಮ. ಯಂತ್ರವು ಮೊದಲು ನಿಜವಾದ ಷರತ್ತಿನಲ್ಲಿಯೇ ನಿಂತುಬಿಡುತ್ತದೆ. 0.75ರ ಷರತ್ತನ್ನು ಮೊದಲು ಬರೆದರೆ 0.3 ಇರುವ ಹೊಲವೂ 'ಮಧ್ಯಮ'ವೆನಿಸಿಕೊಳ್ಳುತ್ತದೆ.

2. ಬರಿದಾದ ಮನೆ. ಇದೇ ಎಲ್ಲಕ್ಕಿಂತ ಹೆಚ್ಚು ಕೇಡಿನದು. ಅಂಕಿಯಿಲ್ಲದ ಮನೆಯನ್ನು ಯಂತ್ರವು ಸೊನ್ನೆಯೆಂದು ಭಾವಿಸಿ, ಪರೀಕ್ಷೆಯೇ ಆಗದ ಹೊಲಕ್ಕೆ 'ಕಡಿಮೆ' ಎಂದು ತೀರ್ಪು ಕೊಡುತ್ತದೆ. ಸಾವಯವ ಇಂಗಾಲದಿಂದ ಸಾರಜನಕದ ಮಟ್ಟವನ್ನು ಅಂದಾಜು ಮಾಡುವಲ್ಲಿ, ಇದನ್ನು ನಂಬಿದ ರೈತನು ಬೇಡದ ಯೂರಿಯಾವನ್ನು ಕೊಂಡು ಹಾಕುವನು. ಹಣವೂ ಹೋಗಿ, ಪೈರು ಸೊಕ್ಕಿ ಬೆಳೆದು ಕೀಟರೋಗಗಳಿಗೆ ತುತ್ತಾಗಬಹುದು. ಆದಕಾರಣ ಬರಿದೋ ಅಲ್ಲವೋ ಎಂಬುದನ್ನೇ ಮೊದಲು ಕೇಳಬೇಕು:

=ಇಫ್(ಬಿ2="","ಪರೀಕ್ಷೆ ಆಗಿಲ್ಲ",ಇಫ್(ಬಿ2<0.5,"ಕಡಿಮೆ",ಇಫ್(ಬಿ2<=0.75,"ಮಧ್ಯಮ","ಹೆಚ್ಚು")))

3. ಶೇಕಡ ಚಿಹ್ನೆ. 0.8% ಎಂದು ತುಂಬಿದರೆ ಯಂತ್ರವು ಅದನ್ನು 0.008 ಎಂದು ಗ್ರಹಿಸುತ್ತದೆ. ಫಲವತ್ತಾದ ಹೊಲವೂ 'ಕಡಿಮೆ'ಯಾಗುತ್ತದೆ. ಈ ಸೂತ್ರಕ್ಕೆ ಬರಿಯ ಅಂಕಿಯನ್ನೇ ತುಂಬತಕ್ಕದ್ದು.

ಷರತ್ತುಗಳು ಹಲವಿರುವಲ್ಲಿ 'ಆಂಡ್' ಮತ್ತು 'ಆರ್' ಎಂಬ ಸೂತ್ರಗಳನ್ನು 'ಇಫ್' ಒಳಗೆ ಸೇರಿಸಬೇಕು. ಎಲ್ಲ ಷರತ್ತುಗಳೂ ಕೂಡಿಬಂದರೆ ಮಾತ್ರ 'ಆಂಡ್' ಒಪ್ಪುತ್ತದೆ. ರಸಸಾರವು 8.5ನ್ನೂ, ವಿನಿಮಯ ಸೋಡಿಯಮ್ ಶೇಕಡ 15ನ್ನೂ ಮೀರಿ, ವಿದ್ಯುದ್ವಾಹಕತೆಯು ಮೀಟರಿಗೆ 4 ಡೆಸಿಸೀಮೆನ್ಸ್‌ಗಿಂತ ಕಡಿಮೆಯಿದ್ದರೆ ಅದು ಕ್ಷಾರಭೂಮಿ. ಜಿಪ್ಸಮ್ ಚಿಕಿತ್ಸೆಯನ್ನು ಯೋಚಿಸತಕ್ಕದ್ದು. 'ಆರ್' ಎಂಬುದಕ್ಕೆ ಒಂದು ಷರತ್ತು ನಿಜವಾದರೂ ಸಾಕು. ಸಾರಜನಕ, ರಂಜಕ, ಪೊಟ್ಯಾಷ್ ಇವುಗಳಲ್ಲಿ ಯಾವುದೊಂದು ಮನೆ ಬರಿದಾಗಿದ್ದರೂ 'ವರದಿ ಅಪೂರ್ಣ' ಎಂದು ತೋರಿಸಲು ಇದು ಅನುಕೂಲ.

2015ರಲ್ಲಿ ಆರಂಭವಾದ ಮಣ್ಣು ಆರೋಗ್ಯ ಚೀಟಿಯ ಯೋಜನೆಯಲ್ಲಿ ಒಂದೊಂದು ಮಾದರಿಗೂ 12 ಗುಣಗಳನ್ನು ನಮೂದಿಸುವ ಏರ್ಪಾಡಾಯಿತು. ಇಷ್ಟು ಅಂಕಿಗಳ ಪಟ್ಟಿಯಲ್ಲಿ ಒಂದು ತಪ್ಪು ಸೂತ್ರವನ್ನು ಕೆಳಗಿನ ಸಾಲುಗಳಿಗೆಲ್ಲ ನಕಲು ಮಾಡಿದರೆ ತಪ್ಪು ಊರಿಗೆಲ್ಲಾ ಹಬ್ಬುತ್ತದೆ. ಆದುದರಿಂದ ನಕಲು ಮಾಡುವುದಕ್ಕೆ ಮುಂಚೆ 0.4, 0.5, 0.75, 0.8 ಮತ್ತು ಒಂದು ಬರಿದಾದ ಮನೆ, ಈ ಐದನ್ನು ಕೊಟ್ಟು ಸೂತ್ರವನ್ನು ಪರೀಕ್ಷಿಸುವುದು ಲೇಸು. ಬೀಜದ ಮೊಳಕೆಯನ್ನು ನೋಡಿ ಬಿತ್ತುವ ಬೇಸಾಯಗಾರನಿಗೆ ಈ ಪದ್ಧತಿಯು ಹೊಸದೇನೂ ಅಲ್ಲ.