ಊನೋದರ: ಹೊಟ್ಟೆಯಲ್ಲಿ ಸ್ವಲ್ಪ ತೆರಪಿರಲಿ

ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ಕೆಂಕೆರೆಯ ಸುತ್ತಮುತ್ತ ತೋಟದ ಮನೆಗಳ ಅಟ್ಟದಲ್ಲಿ ಬಲಿತ ತೆಂಗಿನಕಾಯಿಗಳು ತಿಂಗಳುಗಟ್ಟಲೆ ಒಣಗುತ್ತವೆ. ಹಸಿಗಾಯಿಯಲ್ಲಿ ತಿರುಳು ಕರಟವನ್ನು ಬಿಗಿಯಾಗಿ ಹಿಡಿದಿರುತ್ತದೆ. ನೀರು ಇಂಗಿದ ಮೇಲೆ ತಾನಾಗಿ ಬಿಡಿಸಿಕೊಳ್ಳುತ್ತದೆ. ಅಲುಗಾಡಿಸಿದರೆ ಒಳಗಿನ ಉಂಡೆಕೊಬ್ಬರಿ ಸದ್ದು ಮಾಡುತ್ತದೆ. ದೇಹ ಬೇರೆ, ಆತ್ಮ ಬೇರೆ ಎಂಬ ಭೇದವಿಜ್ಞಾನವನ್ನು ವಿವರಿಸುವಾಗ ಪ್ರವಚನಗಳಲ್ಲಿ ಈ ದೃಷ್ಟಾಂತವನ್ನು ಕೇಳಿದ್ದೇವೆ. ಆದರೆ ಪ್ರವಚನ ಮುಗಿದು ಪಂಕ್ತಿಯಲ್ಲಿ ಕುಳಿತಾಗ ಅದು ನೆನಪಿಗೆ ಬರುವುದಿಲ್ಲ. ಕಾಯಿಹೋಳಿಗೆಯ ಮೇಲೆ ತುಪ್ಪ ಬೀಳುವಾಗ ‘ಸಾಕು’ ಎನ್ನುವವರು ನಮ್ಮಲ್ಲಿ ಎಷ್ಟು ಮಂದಿ?

ಈ ಪ್ರಶ್ನೆಯನ್ನು ನಾನು ಮೊದಲು ನನಗೇ ಕೇಳಿಕೊಳ್ಳಬೇಕಾಯಿತು. ಅಷ್ಟಮಿ, ಚತುರ್ದಶಿಗಳಂದು ಏಕಾಶನ. ಸೂರ್ಯಾಸ್ತದ ನಂತರ ಆಹಾರವಿಲ್ಲ. ಈ ನಿಯಮಗಳು ತಪ್ಪಿಲ್ಲವೆಂಬ ಹೆಮ್ಮೆ ನನ್ನಲ್ಲಿತ್ತು. ನಿವೃತ್ತಿಯ ಕೆಲವು ವರ್ಷಗಳ ನಂತರ ವೈದ್ಯರೊಬ್ಬರು ಟೇಪು ಹಿಡಿದು ಹೊಟ್ಟೆಯ ಸುತ್ತಳತೆ ನೋಡಿದರು: 104 ಸೆಂ.ಮೀ. ರಕ್ತದ ಸಕ್ಕರೆಯೂ ಮಿತಿ ಮೀರಿತ್ತು. “ಮೇಷ್ಟ್ರೇ, ವ್ರತ ಮಾಡುವವರು ನೀವು, ಹೊಟ್ಟೆ ಹೀಗೇಕೆ?” ಎಂದರು. ಉತ್ತರ ನನಗೆ ತಿಳಿದಿತ್ತು. ಏಕಾಶನದ ಒಂದು ಊಟದಲ್ಲಿ ಎರಡು ಊಟ ಅಡಗಿತ್ತು. ಪಾರಣೆಯ ದಿನ ಬಿಟ್ಟದ್ದೆಲ್ಲ ಬಡ್ಡಿಸಮೇತ ಹಿಂದಿರುಗುತ್ತಿತ್ತು. ಸಂಜೆ ಹೊತ್ತು ಮುಳುಗುವ ಮುನ್ನ ಅವಸರದಿಂದ ತುಂಬಿಕೊಳ್ಳುತ್ತಿದ್ದೆ.

ಚರ್ಮದಡಿಯ ಕೊಬ್ಬಿಗಿಂತ ಹೊಟ್ಟೆಯೊಳಗೆ ಯಕೃತ್ತು, ಕರುಳುಗಳ ಸುತ್ತ ಶೇಖರವಾಗುವ ಕೊಬ್ಬು ಹೆಚ್ಚು ಅಪಾಯಕಾರಿ. ಅದರಿಂದ ಹೊರಡುವ ಕೊಬ್ಬಿನಾಮ್ಲಗಳು ಯಕೃತ್ತನ್ನು ಸೇರುತ್ತವೆ. ಇನ್ಸುಲಿನ್ ತನ್ನ ಪರಿಣಾಮ ಕಳೆದುಕೊಳ್ಳುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಹೃದ್ರೋಗಗಳ ಸಂಭವ ಹೆಚ್ಚುತ್ತದೆ. ಭಾರತೀಯರಲ್ಲಿ ಗಂಡಸರಿಗೆ 90 ಸೆಂ.ಮೀ., ಹೆಂಗಸರಿಗೆ 80 ಸೆಂ.ಮೀ. ದಾಟಿದ ಸುತ್ತಳತೆಯನ್ನು ಎಚ್ಚರಿಕೆಯ ಗೆರೆಯೆಂದು ವೈದ್ಯರು ಪರಿಗಣಿಸುತ್ತಾರೆ. ಒಟ್ಟು ತೂಕ ಹೆಚ್ಚಿಲ್ಲದವರಿಗೂ ಈ ಮಾತು ಅನ್ವಯಿಸುತ್ತದೆ.

ಉಮಾಸ್ವಾಮಿ ಆಚಾರ್ಯರ ತತ್ತ್ವಾರ್ಥಸೂತ್ರದ 9ನೆಯ ಅಧ್ಯಾಯದಲ್ಲಿ ಆರು ಬಾಹ್ಯ ತಪಸ್ಸುಗಳ ಉಲ್ಲೇಖವಿದೆ. ಮೊದಲನೆಯದು ಅನಶನ, ಎರಡನೆಯದು ಅವಮೌದರ್ಯ. ಅಂದರೆ ಊನೋದರ, ಹೊಟ್ಟೆ ತುಂಬುವ ಮುನ್ನ ಏಳುವುದು. ಪುರುಷನ ಪೂರ್ಣ ಆಹಾರ 32 ತುತ್ತು, ಸ್ತ್ರೀಯದು 28 ತುತ್ತು ಎಂಬುದು ಶಾಸ್ತ್ರದ ಎಣಿಕೆ. ಅದರಲ್ಲಿ ಒಂದು ತುತ್ತು ಕಡಿಮೆ ಮಾಡಿದರೂ ಈ ತಪಸ್ಸು ಆರಂಭವಾಗುತ್ತದೆ. ಸೂತ್ರಕ್ಕೆ ‘ಸರ್ವಾರ್ಥಸಿದ್ಧಿ’ ಎಂಬ ಟೀಕೆ ಬರೆದ ಪೂಜ್ಯಪಾದರು ಇದರ ಫಲವನ್ನು ಸ್ಪಷ್ಟವಾಗಿ ಹೇಳಿದ್ದಾರೆ: ಸಂಯಮದಲ್ಲಿ ಎಚ್ಚರ, ದೋಷಗಳ ಶಮನ, ಸಂತೋಷ, ಸುಖವಾದ ಸ್ವಾಧ್ಯಾಯ. ಹೊಟ್ಟೆ ಬಿರಿಯ ಉಂಡು ಶಾಸ್ತ್ರ ಹಿಡಿದು ತೂಕಡಿಸಿದವರಿಗೆ ಈ ಮಾತಿನ ಸತ್ಯ ಬೇಗ ತಿಳಿಯುತ್ತದೆ.

ಉಪವಾಸವನ್ನು ನಾಲ್ಕು ಜನ ಗುರುತಿಸುತ್ತಾರೆ, ಹೊಗಳುತ್ತಾರೆ. ಬಿಟ್ಟ ಒಂದು ತುತ್ತನ್ನು ಯಾರೂ ಕಾಣುವುದಿಲ್ಲ. ಆದ್ದರಿಂದಲೇ ಅದು ಕಠಿಣ. ತಟ್ಟೆಯಲ್ಲಿ ಅನ್ನ ಬಿಟ್ಟೇಳುವುದು ಊನೋದರವಲ್ಲ. ಎಂಜಲಿನಲ್ಲಿ ಜೀವೋತ್ಪತ್ತಿಯಾಗಿ ಹಿಂಸೆಗೆ ದಾರಿಯಾಗುತ್ತದೆ. ಬಡಿಸುವಾಗಲೇ ‘ಸಾಕು’ ಎನ್ನಬೇಕು.

ಇದಕ್ಕಾಗಿ ತೆಂಗನ್ನು ದೂರಬೇಕಾಗಿಲ್ಲ. ನಮ್ಮ ಹಿರಿಯರೂ ಕಾಯಿ ತಿಂದರು. ಆದರೆ ಪಾತಿ ತೆಗೆದರು, ಕಾಯಿ ಹೊತ್ತರು, ಸುಲಿದರು. ಇಂದು ದುಡಿಮೆಯ ಬಹುಭಾಗ ಯಂತ್ರಗಳ ಪಾಲಾಗಿದೆ. ಊಟ ಮಾತ್ರ ಹಾಗೆಯೇ ಉಳಿದಿದೆ. ಊಟದ ಅಳತೆಯನ್ನು ದುಡಿಮೆಗೆ ಹೊಂದಿಸುವುದು ವಿವೇಕ. ಬಸದಿಗೆ ನಡೆದೇ ಹೋಗುವುದು ದೇಹಕ್ಕೂ ಹಿತ.

ಎರಡು ಮಾತು ಮರೆಯಬಾರದು. ಸಕ್ಕರೆ ಕಾಯಿಲೆಗೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರು ವೈದ್ಯರನ್ನು ಕೇಳದೆ ಉಪವಾಸ ಹಿಡಿಯಬಾರದು. ಪರರ ಹೊಟ್ಟೆ ನೋಡಿ ನಗಬಾರದು. ವಂಶ, ವಯಸ್ಸು, ಔಷಧ ಹೀಗೆ ಕಾರಣಗಳು ಹಲವು. ಆ ನಗುವೂ ಹಿಂಸೆಯೇ.

ನಾನು ಈ ನಿಯಮ ಹಿಡಿದು ಎಂಟು ತಿಂಗಳಾಯಿತು. ಟೇಪು 98 ತೋರಿಸುತ್ತಿದೆ. 90 ಇನ್ನೂ ದೂರವಿದೆ. ಆದರೆ ಸಂಜೆಯ ಸ್ವಾಧ್ಯಾಯದಲ್ಲಿ ತೂಕಡಿಕೆ ಇಲ್ಲ. ಕರಟದೊಳಗೆ ಸ್ವಲ್ಪ ತೆರಪು ಉಂಟಾದ ಮೇಲೆಯೇ ಕೊಬ್ಬರಿ ಬೇರೆಯೆಂದು ತಿಳಿಯುತ್ತದೆ. ಇಂದಿನ ಊಟದಲ್ಲಿ ನಾವೂ ಒಂದು ತುತ್ತಿನ ತೆರಪನ್ನು ಉಳಿಸೋಣ.