ಕುದಿಸಿದರೆ ನೈಟ್ರೇಟ್ ಹೋಗುವುದಿಲ್ಲ

‘ಚೆನ್ನಾಗಿ ಕುದಿಸಿಬಿಟ್ಟರೆ ಯಾವ ನೀರಾದರೂ ಕುಡಿಯಬಹುದು.’ ಜಯನಗರ, ಬನಶಂಕರಿ, ಜೆ.ಪಿ. ನಗರದ ಓದಿದವರ ಮನೆಗಳಲ್ಲೂ ಈ ಮಾತು ಕೇಳಿ ಕೇಳಿ ಸಾಕಾಗಿದೆ. ಕಾವೇರಿ ನೀರು ಬಾರದ ದಿನ ಸಂಪಿಗೆ ಟ್ಯಾಂಕರ್ ನೀರು ಬಿಡಿಸುತ್ತೇವೆ. ಅದು ಯಾವ ಬೋರ್‌ವೆಲ್‌ನದು, ಅದರ ಸುತ್ತ ಹೊಲವಿದೆಯೋ ತೋಟವಿದೆಯೋ ಎಂದು ಕೇಳುವವರೇ ಇಲ್ಲ. ಕುದಿಸುತ್ತೇವಲ್ಲ, ಸಾಕು ಎಂಬ ಧೈರ್ಯ.

ಕುದಿಸಿದರೆ ಸಾಯುವುದು ಕ್ರಿಮಿ. ನೈಟ್ರೇಟ್ ಕ್ರಿಮಿಯಲ್ಲ, ನೀರಿನಲ್ಲಿ ಕರಗಿದ ಲವಣ. ಹೊಲಕ್ಕೆ ಹಾಕುವ ಯೂರಿಯಾದಲ್ಲಿ ಶೇ. 46ರಷ್ಟು ಸಾರಜನಕವಿದೆ, ಮಣ್ಣಿನ ಸೂಕ್ಷ್ಮಜೀವಿಗಳು ಅದನ್ನು ನೈಟ್ರೇಟ್ ಆಗಿ ಬದಲಿಸುತ್ತವೆ. ಬೆಳೆ ಹೀರಿ ಮಿಕ್ಕಿದ್ದನ್ನು ಮಣ್ಣು ಹಿಡಿದಿಟ್ಟುಕೊಳ್ಳುವುದಿಲ್ಲ. ಜೋರು ಮಳೆಗೆ, ಅತಿಯಾಗಿ ಹಾಯಿಸಿದ ನೀರಿಗೆ ಅದು ಕೆಳಗಿಳಿದು, ನಮ್ಮ ಗಟ್ಟಿ ಬಂಡೆಯ ಬಿರುಕುಗಳಲ್ಲಿರುವ ಅಂತರ್ಜಲವನ್ನು ಸೇರುತ್ತದೆ. ಬಣ್ಣವಿಲ್ಲ, ವಾಸನೆಯೂ ಇಲ್ಲ.

ಭಾರತೀಯ ಮಾನಕದ ಪ್ರಕಾರ ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು. 40 ಮಿಲಿಗ್ರಾಂ ಇರುವ ಒಂದು ಲೀಟರ್ ನೀರನ್ನು ಮುಕ್ಕಾಲು ಲೀಟರ್ ಆಗುವವರೆಗೆ ಕುದಿಸಿ ನೋಡಿ. ಹೋದದ್ದು ನೀರು ಮಾತ್ರ. ಆ 40 ಮಿಲಿಗ್ರಾಂ ಪಾತ್ರೆಯಲ್ಲೇ ಇದೆ. ಲೆಕ್ಕ ಹಾಕಿದರೆ ಲೀಟರಿಗೆ 53! ಮಿತಿಯೊಳಗಿದ್ದ ನೀರನ್ನು ನಾವೇ ಕುದಿಸಿ ಮಿತಿ ದಾಟಿಸಿದೆವು. ತಳದಲ್ಲಿ ಕೂತ ಬಿಳಿ ಪುಡಿ ತೋರಿಸಿ ‘ನೋಡಿ, ಕೊಳೆಯೆಲ್ಲ ಇಳಿಯಿತು’ ಎನ್ನುತ್ತಾರೆ. ಅದು ಗಡಸು ನೀರಿನ ಸುಣ್ಣ.

ಇದರ ಪೆಟ್ಟು ಮೊದಲು ಬೀಳುವುದು ಆರು ತಿಂಗಳೊಳಗಿನ, ಬಾಟಲಿ ಹಾಲು ಕುಡಿಯುವ ಕೂಸಿಗೆ. ನೈಟ್ರೇಟ್ ದೇಹದಲ್ಲಿ ನೈಟ್ರೈಟ್ ಆಗಿ, ರಕ್ತ ಆಮ್ಲಜನಕ ಸಾಗಿಸದಂತೆ ಮಾಡುತ್ತದೆ, ಮಗು ನೀಲಿಗಟ್ಟುತ್ತದೆ. ಅಮೆರಿಕದ ಅಯೋವಾದಲ್ಲಿ ಹಂಟರ್ ಕಾಮ್ಲಿ ಎಂಬ ವೈದ್ಯರು ಹಳ್ಳಿಯ ಬಾವಿ ನೀರಿಗೂ ಇದಕ್ಕೂ ಇರುವ ನಂಟನ್ನು 1945ರಲ್ಲೇ ಬರೆದಿಟ್ಟರು. ಮಗುವಿನ ನೀರನ್ನೇ ನಾವು ಹೆಚ್ಚು ಹೊತ್ತು ಕುದಿಸುತ್ತೇವೆ.

ಕೊಟ್ಟಿಗೆ ಗೊಬ್ಬರದಿಂದ ತೊಂದರೆಯಿಲ್ಲ ಎನ್ನುವುದೂ ಸುಳ್ಳು. ಅತಿಯಾದರೆ ಅದರಿಂದಲೂ ನೈಟ್ರೇಟ್ ಇಳಿಯುತ್ತದೆ. ಎಲ್ಲ ರೈತರದೇ ತಪ್ಪು ಎನ್ನುವುದು ಅನ್ಯಾಯ, ನಮ್ಮ ಬಡಾವಣೆಗಳ ಶೌಚದ ಗುಂಡಿ, ಸೋರುವ ಒಳಚರಂಡಿಗಳಿಂದಲೂ ಇದೇ ನೈಟ್ರೇಟ್ ಬರುತ್ತದೆ. ಆಳದ ಬೋರ್‌ವೆಲ್ ನೀರು ಶುದ್ಧ ಎಂಬುದಕ್ಕೂ ಖಾತ್ರಿಯಿಲ್ಲ.

ಪರೀಕ್ಷೆಯ ವರದಿ ಕೇಳದ ನಾವು ಕಣ್ಣಿಗೆ ಕಂಡದ್ದನ್ನೆಲ್ಲ ನಂಬುತ್ತೇವೆ. ವಾಟರ್ ಫಿಲ್ಟರ್ ಮಾರಾಟಗಾರ ಎರಡು ಲೋಟಕ್ಕೆ ಕರೆಂಟ್ ಹಾಯಿಸಿ ನಲ್ಲಿ ನೀರನ್ನು ಕಂದು ಬಣ್ಣಕ್ಕೆ ತಿರುಗಿಸಿದರೆ ಮನೆಮಂದಿಯೆಲ್ಲ ಬೆಚ್ಚಿಬೀಳುತ್ತಾರೆ. ಆ ಬಣ್ಣ ಅವನು ಅದ್ದಿದ ಕಬ್ಬಿಣದ ಕಡ್ಡಿಯದು. ಟಿಡಿಎಸ್ ಮೀಟರ್ ತೋರಿಸುವುದು ಕರಗಿದ ಲವಣಗಳ ಒಟ್ಟು ಅಂದಾಜು ಮಾತ್ರ, ನೈಟ್ರೇಟ್ ಎಷ್ಟೆಂದು ಹೇಳದು.

ಮನೆಯಲ್ಲಿ ಹಸುಗೂಸಿದ್ದು ಬೋರ್‌ವೆಲ್ ಅಥವಾ ಟ್ಯಾಂಕರ್ ನೀರು ಬಳಸುತ್ತಿದ್ದರೆ, ಮಾನ್ಯತೆ ಪಡೆದ ಪ್ರಯೋಗಾಲಯಕ್ಕೆ ಒಂದು ಬಾಟಲಿ ನೀರು ಕೊಟ್ಟು ‘ನೈಟ್ರೇಟ್ ನೋಡಿ’ ಎಂದು ಕೇಳಿ. 45 ದಾಟಿದ್ದರೆ ಆ ನೀರಿನಲ್ಲಿ ಮಗುವಿಗೆ ಹಾಲು ಕಲಸಬೇಡಿ. ಕ್ಯಾಂಡಲ್ ಫಿಲ್ಟರ್‌ನಿಂದಾಗಲಿ ಯುವಿ ದೀಪದಿಂದಾಗಲಿ ನೈಟ್ರೇಟ್ ಹೋಗುವುದಿಲ್ಲ. ಅದಕ್ಕೆ ಸುಸ್ಥಿತಿಯಲ್ಲಿರುವ ಆರ್‌ಒ ಬೇಕು.